ಕಾರ್ಡ್‌ನಲ್ಲಿ ಒಂದೇ ನೋಟಿನ ವೆಲಾಸಿಟಿ ಇಳಿಸಲು ಹೋದರೆ ನಾಲ್ಕೂ ಇಳಿಯುತ್ತವೆ

ಬಿಳಿಕಪ್ಪುಕೀಲಿ ಕೇಳಿದ್ದು:

ಸಂಗೀತ ಸಂಯೋಜನೆಯ ಸಾಫ್ಟ್‌ವೇರ್ ಆದ ಕ್ಯೂಬೇಸ್‌ನ ಕೀ ಎಡಿಟರ್‌ನಲ್ಲಿ (ನೋಟ್‌ಗಳನ್ನು ತಿದ್ದುವ ಕಿಟಕಿ) ಪಿಯಾನೋ ಭಾಗವೊಂದಿದೆ. ನಾಲ್ಕು ನೋಟಿನ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛ), ಎಲ್ಲವನ್ನೂ ಮೌಸ್‌ನಿಂದಲೇ ಹಾಕಿದ್ದು, ಹಾಗಾಗಿ ಪ್ರತಿಯೊಂದರ ವೆಲಾಸಿಟಿಯೂ, ಅಂದರೆ ನೋಟ್ ಎಷ್ಟು ಬಿರುಸಾಗಿ ನುಡಿಯಬೇಕೆಂಬ ಸಂಖ್ಯೆಯೂ, 100. ಪ್ರತಿ ಕಾರ್ಡ್‌ನ ಮೇಲಿನ ನೋಟ್ ಧಾಟಿಯನ್ನು ಹೊತ್ತಿದೆ. ಅದು ಎದ್ದು ಕೇಳಬೇಕು, ಉಳಿದ ಮೂರು ಹಿಂದೆ ಸರಿಯಬೇಕು. ಕೆಳಗಿನ ವೆಲಾಸಿಟಿ ಲೇನ್‌ನಲ್ಲಿ ಗೆರೆಗಳು ಒಂದರ ಮೇಲೊಂದು ಕೂತಿರುವುದರಿಂದ ಯಾವುದು ಯಾರದೆಂದೇ ತಿಳಿಯುವುದಿಲ್ಲ. ಎಳೆದರೆ ನಾಲ್ಕೂ ಒಟ್ಟಿಗೆ ಇಳಿಯುತ್ತವೆ.

ಇದರ ಜೊತೆಗೆ ಇನ್ನೂ ಮೂರು ತೊಡಕು. ಪಿಯಾನೋದಲ್ಲಿ 79ರಿಂದ 80ಕ್ಕೆ ಏರಿಸಿದರೆ ದನಿ ಒಮ್ಮೆಲೇ ಬೇರೆ ವಾದ್ಯದಂತೆ ಹೊಳಪಾಗುತ್ತದೆ. ಬಾಸ್ ಸಿಂಥ್‌ನಲ್ಲಿ (ತಗ್ಗು ಸ್ವರದ ಎಲೆಕ್ಟ್ರಾನಿಕ್ ವಾದ್ಯ) 20 ಇಟ್ಟರೂ 120 ಇಟ್ಟರೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಡ್ರಮ್‌ನ ಹೈ-ಹ್ಯಾಟ್‌ಗೆ (ಜೋಡಿ ತಾಳ) ರ‍್ಯಾಂಡಮ್ (ಮನಬಂದಂತೆ ವೆಲಾಸಿಟಿ ಏರಿಳಿಸುವುದು) ಕೊಟ್ಟರೆ ಜೀವ ಬರುವ ಬದಲು ನುಡಿಸುವವನು ತೂಕಡಿಸುತ್ತಿರುವ ಹಾಗಿದೆ. ನಾಲ್ಕಕ್ಕೂ ಮೂಲ ಒಂದೆಯೋ, ಬೇರೆ ಬೇರೆಯೋ?

ಹದಿನಾರನೆಯತಟ್ಟು:

ಬೇರೆ ಬೇರೆ. ಮೊದಲನೆಯದು ತೀರ ಸುಲಭ.

ಕ್ಯೂಬೇಸ್‌ನಲ್ಲಿ ಒಂದೇ ಜಾಗದಲ್ಲಿ ಹಲವು ನೋಟ್‌ಗಳಿದ್ದು ಯಾವುದೂ ಆಯ್ಕೆಯಾಗಿಲ್ಲದಿದ್ದರೆ, ಲೇನ್‌ನಲ್ಲಿ ನೀವು ಮಾಡಿದ್ದು ಆ ಜಾಗದ ಎಲ್ಲ ನೋಟ್‌ಗಳಿಗೂ ಅನ್ವಯಿಸುತ್ತದೆ. ಮೇಲೆ ಗ್ರಿಡ್‌ನಲ್ಲಿ ಬೇಕಾದ ನೋಟನ್ನು ಮೊದಲು ಆಯ್ದುಕೊಳ್ಳಿ, ಆಮೇಲೆ ಲೇನ್‌ಗೆ ಇಳಿಯಿರಿ. ಆಗ ಬದಲಾಗುವುದು ಅದೊಂದೇ.

ಇದಕ್ಕಿಂತ ಚುರುಕಿನ ದಾರಿಯೆಂದರೆ ಲೇನ್‌ಗೆ ಹೋಗದೇ ಇರುವುದು. ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಒತ್ತಿಕೊಂಡು, ಮ್ಯಾಕ್‌ನಲ್ಲಾದರೆ ಕಮಾಂಡ್ ಮತ್ತು ಶಿಫ್ಟ್, ನೋಟಿನ ಮೇಲೆಯೇ ಮೌಸ್ ಹಿಡಿದು ಮೇಲೆ ಕೆಳಗೆ ಎಳೆಯಿರಿ. ಹಲವು ನೋಟ್ ಆಯ್ದುಕೊಂಡು ಹೀಗೆ ಎಳೆದರೆ ಎಲ್ಲವೂ ಒಟ್ಟಿಗೆ ಸರಿಯುತ್ತವೆ.

ಮೇಲಿನ ಇನ್ಫೋ ಲೈನ್‌ನಲ್ಲಿ ವೆಲಾಸಿಟಿ ಸಂಖ್ಯೆ ಕಾಣುತ್ತದಲ್ಲ, ಅಲ್ಲಿ ಒಂದು ಸೂಕ್ಷ್ಮವಿದೆ. ಹಲವು ನೋಟ್ ಆಯ್ದಿರುವಾಗ ಅಲ್ಲಿ ಕಾಣುವುದು ಮೊದಲ ನೋಟಿನ ಬೆಲೆ, ಅಂದರೆ ಅದರ ವೆಲಾಸಿಟಿ ಸಂಖ್ಯೆ. ಅದನ್ನು 100ರಿಂದ 70 ಮಾಡಿದರೆ ಎಲ್ಲವೂ 70 ಆಗುವುದಿಲ್ಲ, ಎಲ್ಲವೂ 30 ಇಳಿಯುತ್ತವೆ. ಎಲ್ಲಕ್ಕೂ ಒಂದೇ ಸಂಖ್ಯೆ ಬೇಕಿದ್ದರೆ ಬದಲಿಸುವಾಗ ಕಂಟ್ರೋಲ್ ಒತ್ತಿ ಹಿಡಿಯಬೇಕು.

ಇಂಥದೇ ಬೇರೆ ಸಾಫ್ಟ್‌ವೇರ್‌ಗಳಲ್ಲಿ, ಏಬಲ್ಟನ್ ಲೈವ್‌ನಲ್ಲಾದರೆ ವಿಂಡೋಸ್‌ನಲ್ಲಿ ಆಲ್ಟ್, ಮ್ಯಾಕ್‌ನಲ್ಲಿ ಕಮಾಂಡ್ ಒತ್ತಿ ನೋಟನ್ನು ಲಂಬವಾಗಿ ಎಳೆಯುವುದು. ಲಾಜಿಕ್‌ನಲ್ಲಿ ಇದಕ್ಕೆಂದೇ ವೆಲಾಸಿಟಿ ಟೂಲ್ ಇದೆ, ನೋಟಿನ ಬಣ್ಣವೇ ಬೆಲೆಯನ್ನು ಹೇಳುತ್ತದೆ: ನೇರಳೆ ಮೆದು, ಕೆಂಪು ಗಟ್ಟಿ. ಎಫ್‌ಎಲ್ ಸ್ಟುಡಿಯೋದಲ್ಲಿ ನೋಟಿನ ಮೇಲೆ ಎರಡು ಬಾರಿ ಕ್ಲಿಕ್ಕಿಸಿದರೆ ಅದರ ಗುಣಗಳ ಕಿಟಕಿ ತೆರೆಯುತ್ತದೆ. ಅಲ್ಲಿ ಶೇ. 78 ಎಂದು ಕಂಡರೆ ಗಾಬರಿ ಬೇಡ, ಅದು ಮಿಡಿ (ವಾದ್ಯಗಳಿಗೆ ನೋಟ್‌ಗಳ ಸಂದೇಶ ಸಾಗಿಸುವ ಡಿಜಿಟಲ್ ಪದ್ಧತಿ) ಲೆಕ್ಕದ 100.

ಸಂಖ್ಯೆಗಳ ವಿಷಯಕ್ಕೆ ಬಂದರೆ, ಮೇಲಿನ ನೋಟ್ 86–90, ಅತಿ ಕೆಳಗಿನದು 70ರ ಆಸುಪಾಸು, ನಡುವಿನ ಎರಡು 56–62. ನಡುವಿನವೇ ಎಲ್ಲಕ್ಕಿಂತ ಮೆದುವಾಗಿರಲಿ. ಬುಡದ ನೋಟನ್ನೂ ಅಷ್ಟೇ ಇಳಿಸಿದರೆ ಕಾರ್ಡ್‌ಗೆ ನೆಲೆ ತಪ್ಪುತ್ತದೆ. ಆಮೇಲೆ ಪ್ರತಿ ಕಾರ್ಡ್‌ಗೂ ಇದೇ ನಾಲ್ಕು ಸಂಖ್ಯೆ ಅಂಟಿಸಬೇಡಿ. ಧಾಟಿ ಏರುವ ಕಡೆ ಇಡೀ ಕಾರ್ಡ್ ಐದಾರು ಅಂಕ ಮೇಲಿರಲಿ, ಸಾಲಿನ ಕೊನೆಯ ಕಾರ್ಡ್ ಇಳಿಯಲಿ.

ಲೈನ್ ಟೂಲ್‌ನಿಂದ ಕ್ರೆಸೆಂಡೋ (ಶಬ್ದ ಮೆಲ್ಲಗೆ ಏರುತ್ತ ಹೋಗುವುದು) ಎಳೆಯುವ ಯೋಚನೆಯಿದ್ದರೆ ಅದನ್ನು ಮೊದಲೇ ಮುಗಿಸಿ. ಗೆರೆ ಎಳೆದ ಕಡೆ ಹೊಸ ಬೆಲೆ ಬಂದು ಕೂರುತ್ತದೆ, ಹಳೆಯದರ ಗುರುತೂ ಉಳಿಯುವುದಿಲ್ಲ. ಒಂದು ಗಂಟೆ ಕೂತು ಮಾಡಿದ ಮೇಲು ಕೆಳಗಿನ ಹೊಂದಾಣಿಕೆ ಒಂದೇ ಗೆರೆಯಲ್ಲಿ ಸಪಾಟಾಗುತ್ತದೆ.

ಪದರಪದರ:

79 ಮತ್ತು 80ರ ನಡುವಿನ ಜಿಗಿತಕ್ಕೆ ಕಾರಣ ಸಾಫ್ಟ್‌ವೇರ್ ಅಲ್ಲ, ಪಿಯಾನೋ ಲೈಬ್ರರಿಯ (ಧ್ವನಿಮುದ್ರಿತ ಸ್ವರಗಳ ಸಂಗ್ರಹ) ಪದರಗಳು.

ಸ್ಯಾಂಪಲ್ ಮಾಡಿದ ಪಿಯಾನೋದಲ್ಲಿ ಪ್ರತಿ ಕೀಲಿಯನ್ನೂ ಹಲವು ಗಟ್ಟಿತನದಲ್ಲಿ ಧ್ವನಿಮುದ್ರಿಸಿರುತ್ತಾರೆ. 127 ಬೆಲೆಗೆ 127 ಮುದ್ರಣ ಇರುವುದಿಲ್ಲ, ಬೆರಳೆಣಿಕೆಯಷ್ಟೇ ಇರುತ್ತವೆ. ಒಂದು ಪದರದ ಒಳಗೆ ವೆಲಾಸಿಟಿ ಬದಲಾದರೆ ಅದೇ ಸ್ಯಾಂಪಲ್ ಹೆಚ್ಚು ಕಡಿಮೆ ಶಬ್ದದಲ್ಲಿ ನುಡಿಯುತ್ತದೆ. ಗಡಿ ದಾಟಿದರೆ ಸ್ಯಾಂಪಲ್ಲೇ ಬದಲು. ನಿಮ್ಮ ವಾದ್ಯದಲ್ಲಿ ಒಂದು ಗಡಿ 80ರಲ್ಲಿದೆ, ಅಷ್ಟೇ. ಒಳ್ಳೆಯ ಲೈಬ್ರರಿಗಳು ಪಕ್ಕದ ಪದರಗಳನ್ನು ಬೆರೆಸಿ ಗಡಿಯನ್ನು ಮರೆಮಾಚುತ್ತವೆ. ಕೆಲವುದರಲ್ಲಿ ಅದಕ್ಕೆ ಕ್ರಾಸ್‌ಫೇಡ್ ಎಂಬ ಸ್ವಿಚ್ ಇರುತ್ತದೆ. ಮೊದಲು ಅದನ್ನು ಹುಡುಕಿ.

ಅದಿಲ್ಲದಿದ್ದರೆ ಗಡಿಗಳೆಲ್ಲಿವೆ ಎಂದು ನೀವೇ ಪತ್ತೆ ಹಚ್ಚಬಹುದು. 4/4ರಲ್ಲಿ, ಅಂದರೆ ಬಾರ್‌ಗೆ (ತಾಳದ ಒಂದು ಆವರ್ತ) ನಾಲ್ಕು ಬೀಟ್‌ನಂತೆ, 8 ಬಾರ್ ತೆಗೆದುಕೊಂಡು ಒಂದೇ ಸ್ವರದ ಹದಿನಾರನೆಯ ನೋಟ್‌ಗಳಿಂದ ತುಂಬಿಸಿ. ಒಟ್ಟು 128 ಆಗುತ್ತವೆ, ಕೊನೆಯದನ್ನು ಅಳಿಸಿ. ವೆಲಾಸಿಟಿ ಲೇನ್‌ನಲ್ಲಿ 1ರಿಂದ 127ರವರೆಗೆ ಗೆರೆ ಎಳೆದರೆ ಪ್ರತಿ ನೋಟಿಗೂ ಒಂದೊಂದು ಅಂಕ ಏರುತ್ತದೆ. ಟೆಂಪೋ 60ಕ್ಕೆ ಇಳಿಸಿ, ನೋಟ್‌ಗಳ ಉದ್ದ ಮೊಟಕುಗೊಳಿಸಿ, ಸಸ್ಟೇನ್ ಪೆಡಲ್ ಇಲ್ಲದೆ ಕೇಳಿ. ದನಿಯ ಬಣ್ಣ ಹಾರಿದ ಕಡೆಯೆಲ್ಲ ನಿಲ್ಲಿಸಿ ಸಂಖ್ಯೆ ಬರೆದಿಡಿ. ಮಧ್ಯ ಸ್ಥಾಯಿಯಲ್ಲಿ ಒಮ್ಮೆ, ಕೆಳಗೊಮ್ಮೆ ಮಾಡಿ, ಏಕೆಂದರೆ ಎಲ್ಲ ಕೀಲಿಗಳಿಗೂ ಗಡಿ ಒಂದೇ ಇರಬೇಕೆಂದಿಲ್ಲ. ಡ್ರಮ್ ಲೈಬ್ರರಿಯಲ್ಲಿ ಈ ಪರೀಕ್ಷೆ ಮಾಡುವಾಗ ರೌಂಡ್ ರಾಬಿನ್ ದಾರಿ ತಪ್ಪಿಸುತ್ತದೆ: ಒಂದೇ ವೆಲಾಸಿಟಿಗೆ ಸರದಿಯಂತೆ ಬೇರೆ ಬೇರೆ ಸ್ಯಾಂಪಲ್ ಬರುತ್ತದೆ. ಅಲ್ಲಿ ಪ್ರತಿ ಸಂಖ್ಯೆಯನ್ನೂ ಮೂರು ನಾಲ್ಕು ಸಲ ಹೊಡೆಸಿ ಕೇಳಬೇಕು.

ಗಡಿ ತಿಳಿದ ಮೇಲೆ ಕೆಲಸ ಹೀಗೆ. ಸಾಲಿನ ನೋಟ್‌ಗಳು 74ರಿಂದ 84ರವರೆಗೆ ಹರಡಿದ್ದು ಗಡಿ 80 ಆಗಿದ್ದರೆ, ಇಡೀ ಸಾಲನ್ನು 5 ಇಳಿಸಿ 69–79 ಮಾಡಿ. ಶಬ್ದ ಕಡಿಮೆಯಾಯಿತು ಅನ್ನಿಸಿದರೆ ಅದನ್ನು ಟ್ರ್ಯಾಕ್ ಫೇಡರ್‌ನಲ್ಲಿ ತುಂಬಿಕೊಳ್ಳಿ. ಶಬ್ದ ಹೆಚ್ಚಿಸಲು ವೆಲಾಸಿಟಿಯನ್ನು ಏರಿಸುವುದೇ ಈ ಜಿಗಿತಗಳಿಗೆಲ್ಲ ಮೂಲ. ವೆಲಾಸಿಟಿ ಎಂದರೆ ಕೀಲಿ ಎಷ್ಟು ವೇಗವಾಗಿ ಕೆಳಗಿಳಿಯಿತು ಎಂಬುದು. ಕೀಬೋರ್ಡ್‌ನಲ್ಲಿ ಪ್ರತಿ ಕೀಲಿಯ ಕೆಳಗೆ ಸ್ವಲ್ಪ ಅಂತರದಲ್ಲಿ ಎರಡು ಸಂಪರ್ಕಗಳಿರುತ್ತವೆ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಹಿಡಿದ ಸಮಯದಿಂದ ಈ ಸಂಖ್ಯೆ ಹುಟ್ಟುತ್ತದೆ. ಆ ವೇಗವನ್ನು ಶಬ್ದವಾಗಿಸಬೇಕೋ ಬಣ್ಣವಾಗಿಸಬೇಕೋ ಎಂಬುದು ವಾದ್ಯಕ್ಕೆ ಬಿಟ್ಟದ್ದು.

ಬಿಟ್ಟದ್ದು ಎಂದರೆ ನಿಜಕ್ಕೂ ಬಿಟ್ಟದ್ದೇ. ಬೆಲೆಯನ್ನು ನೇರವಾಗಿ ಶಬ್ದಕ್ಕಿಳಿಸುವ ವಾದ್ಯದಲ್ಲಿ 127ರಿಂದ 64ಕ್ಕೆ ಇಳಿದರೆ ಸುಮಾರು 6 ಡೆಸಿಬೆಲ್ ಕಡಿಮೆಯಾಗುತ್ತದೆ. ಬೆಲೆಯ ವರ್ಗವನ್ನು (ಅದನ್ನು ಅದರಿಂದಲೇ ಗುಣಿಸಿದ್ದು) ಬಳಸುವ ವಾದ್ಯದಲ್ಲಿ ಅದೇ ಇಳಿತಕ್ಕೆ ಸುಮಾರು 12 ಡೆಸಿಬೆಲ್. ಹಾಗಾಗಿ ಒಂದು ಪಿಯಾನೋಗೆ ಹೊಂದಿಸಿದ ಸಂಖ್ಯೆಗಳನ್ನು ಇನ್ನೊಂದು ಪಿಯಾನೋಗೆ ಹಾಕಿದರೆ ಹೊಂದಾಣಿಕೆಯೆಲ್ಲ ಕದಡುತ್ತದೆ. ವಾದ್ಯವನ್ನು ಮೊದಲು ನಿರ್ಧರಿಸಿ, ಬಿಡಿ ನೋಟ್‌ಗಳ ಕೆಲಸ ಆಮೇಲೆ.

ಮೂಕಗಂಟೆ:

ಬಾಸ್ ಸಿಂಥ್ ಬಗ್ಗೆ. ವೆಲಾಸಿಟಿ ಸಿಂಥ್‌ಗೆ ತಲುಪುತ್ತಿದೆ, ಆದರೆ ಅದನ್ನು ಏನು ಮಾಡಬೇಕೆಂದು ಆ ಪ್ರೀಸೆಟ್‌ಗೆ (ಸಿದ್ಧಪಡಿಸಿಟ್ಟ ದನಿ) ಯಾರೂ ಹೇಳಿಲ್ಲ. ಆಂಪ್ಲಿಫೈಯರ್ ಎನ್ವೆಲಪ್ (ಶಬ್ದದ ಏರಿಳಿತ ನಿಯಂತ್ರಿಸುವ ಭಾಗ) ಬಳಿ ವೆಲ್ ಅಥವಾ ವೆಲಾಸಿಟಿ ಎಂಬ ಗುಂಡಿ ಇರುತ್ತದೆ, ಅದು ಸೊನ್ನೆಯಲ್ಲಿರಬಹುದು. ಗುಂಡಿ ಕಾಣದಿದ್ದರೆ ಮಾಡ್ಯುಲೇಷನ್ ಮ್ಯಾಟ್ರಿಕ್ಸ್‌ನಲ್ಲಿ (ಯಾವುದು ಯಾವುದನ್ನು ಬದಲಿಸಬೇಕೆಂದು ಹೇಳುವ ಪಟ್ಟಿ) ಮೂಲ ವೆಲಾಸಿಟಿ, ಗುರಿ ಆಂಪ್ ಲೆವೆಲ್ ಎಂದು ಒಂದು ಸಾಲು ಸೇರಿಸಿ. ಬಾಸ್‌ಗಾದರೆ ಗುರಿಯನ್ನು ಫಿಲ್ಟರ್ ಕಟಾಫ್ (ದನಿಯ ಹೊಳಪನ್ನು ಎಲ್ಲಿ ಕತ್ತರಿಸಬೇಕೆಂಬ ಮಿತಿ) ಮಾಡುವುದು ಮೇಲು. ಗಟ್ಟಿ ನೋಟ್ ಹೊಳಪಾಗುತ್ತದೆ, ಮೆದು ನೋಟ್ ಮಂಕಾಗುತ್ತದೆ, ಆದರೆ ತಳದ ತೂಕ ನೋಟಿನಿಂದ ನೋಟಿಗೆ ಏರುಪೇರಾಗುವುದಿಲ್ಲ. ಶೇ. 20ರಷ್ಟು ಕೊಟ್ಟು ಶುರುಮಾಡಿ.

ಅದನ್ನು ಮಾಡಿಯೂ ವ್ಯತ್ಯಾಸ ಕೇಳದಿದ್ದರೆ ಟ್ರ್ಯಾಕ್‌ನ ಕಂಪ್ರೆಸರ್ ಅಥವಾ ಲಿಮಿಟರ್ ಅನ್ನು ಬೈಪಾಸ್ ಮಾಡಿ ಕೇಳಿ. ಮೇಲೆ ಕಷ್ಟಪಟ್ಟು ಮಾಡಿದ ಏರಿಳಿತವನ್ನು ಕೆಳಗೆ ಕಂಪ್ರೆಸರ್ ಇಸ್ತ್ರಿ ಹಾಕಿದಂತೆ ಚಪ್ಪಟೆ ಮಾಡುತ್ತಿರುತ್ತದೆ. ವೆಲಾಸಿಟಿ ತಿದ್ದುವ ಹೊತ್ತಿನಲ್ಲಿ ಅದನ್ನು ಮುಚ್ಚಿಡುವುದೇ ಒಳ್ಳೆಯದು.

ಇನ್ನೊಂದು ಸಾಧ್ಯತೆ: ಟ್ರ್ಯಾಕ್‌ನಲ್ಲೋ ರೀಜನ್‌ನಲ್ಲೋ ಯಾವುದಾದರೂ ವೆಲಾಸಿಟಿ ತಿದ್ದುಪಡಿ ಕೂತಿರುವುದು. ಕ್ಯೂಬೇಸ್‌ನ ಮಿಡಿ ಮಾಡಿಫೈಯರ್ಸ್, ಲಾಜಿಕ್‌ನ ರೀಜನ್ ಇನ್‌ಸ್ಪೆಕ್ಟರ್, ಲೈವ್‌ನ ವೆಲಾಸಿಟಿ ಎಂಬ ಮಿಡಿ ಎಫೆಕ್ಟ್, ಇವೆಲ್ಲ ನೋಟನ್ನು ಮುಟ್ಟದೆ ವಾದ್ಯಕ್ಕೆ ಹೋಗುವ ಸಂಖ್ಯೆಯನ್ನು ಬದಲಿಸುತ್ತವೆ. ಲೈವ್‌ನ ಆ ಎಫೆಕ್ಟ್‌ನಲ್ಲಿ ಫಿಕ್ಸ್ಡ್ ಮೋಡ್ ಇದ್ದರೆ ಒಳಗೆ ಏನೇ ಬಂದರೂ ಹೊರಗೆ ಒಂದೇ ಬೆಲೆ. ಎಡಿಟರ್‌ನಲ್ಲಿ ಕಾಣುವ ಸಂಖ್ಯೆಯೇ ನುಡಿಯುತ್ತಿದೆ ಎಂದು ನಂಬುವ ಮೊದಲು ಇವನ್ನು ನೋಡಿಕೊಳ್ಳಿ.

ಆರ್ಗನ್ ಅಥವಾ ಹಾರ್ಪ್ಸಿಕಾರ್ಡ್ ದನಿಯಾಗಿದ್ದರೆ ಮಾತ್ರ ಹುಡುಕಾಟ ಬೇಡ. ಮೂಲ ವಾದ್ಯದಲ್ಲೇ ಒತ್ತಿದ ಬಿರುಸಿಗೆ ತಕ್ಕಂತೆ ಶಬ್ದ ಬದಲಾಗುವುದಿಲ್ಲವಾದ್ದರಿಂದ ಹೆಚ್ಚಿನವರು ಅದನ್ನು ಬೇಕೆಂದೇ ಹಾಗೆ ಬಿಡುತ್ತಾರೆ.

ಬಿಳಿಕಪ್ಪುಕೀಲಿ:

ಸಿಂಥ್ ಸರಿಯಾಯಿತು, ವೆಲ್ ಗುಂಡಿ ಸೊನ್ನೆಯಲ್ಲೇ ಇತ್ತು. ಕಾರ್ಡ್‌ಗಳೂ ಬಹುತೇಕ ಸರಿಯಾದವು. ಆದರೆ ಐದನೇ ಬಾರ್‌ನಲ್ಲಿ ನಡುವಿನ ಒಂದು ನೋಟನ್ನು 40ಕ್ಕೆ ಇಳಿಸಿದರೂ ಅದು ಮೊದಲಿನಷ್ಟೇ ಗಟ್ಟಿಯಾಗಿದೆ. ದನಿಯೂ ಸ್ವಲ್ಪ ಟೊಳ್ಳಾಗಿ, ಸುರುಳಿ ಸುತ್ತಿದ ಹಾಗಿದೆ. ಅಕ್ಕಪಕ್ಕದ ನೋಟ್‌ಗಳಲ್ಲಿ ಹಾಗಿಲ್ಲ. ಅದರ ಬೆಲೆ ಸೊನ್ನೆ ಮಾಡಿ ನೋಡೋಣವೆಂದರೆ 1ಕ್ಕಿಂತ ಕೆಳಗೆ ಹೋಗುತ್ತಲೇ ಇಲ್ಲ.

ಹದಿನಾರನೆಯತಟ್ಟು:

ಅಲ್ಲಿ ಒಂದರ ಮೇಲೊಂದು ಎರಡು ನೋಟ್ ಕೂತಿವೆ. ನೀವು ಇಳಿಸಿದ್ದು ಮೇಲಿನದನ್ನು, ಅಡಿಯಲ್ಲಿರುವುದು ಇನ್ನೂ 100ರಲ್ಲೇ ನುಡಿಯುತ್ತಿದೆ. ಒಂದೇ ಸ್ಯಾಂಪಲ್ ಎರಡು ಸಲ ಒಟ್ಟಿಗೆ ನುಡಿದಾಗ ಬರುವ ದನಿಯೇ ನೀವು ಹೇಳಿದ ಟೊಳ್ಳು. ಭಾಗವನ್ನು ಅದೇ ಜಾಗದಲ್ಲಿ ಎರಡು ಬಾರಿ ಪೇಸ್ಟ್ ಮಾಡಿದಾಗ, ಲೂಪ್‌ನಲ್ಲಿ ರೆಕಾರ್ಡ್ ಮಾಡಿದಾಗ, ಹತ್ತಿರದ ಎರಡು ನೋಟ್‌ಗಳನ್ನು ಕ್ವಾಂಟೈಜ್ (ನೋಟ್‌ಗಳನ್ನು ತಾಳದ ಗೆರೆಗೆ ಕೂರಿಸುವ ಸೌಲಭ್ಯ) ಒಂದೇ ಗೆರೆಗೆ ಎಳೆದಾಗ ಹೀಗಾಗುತ್ತದೆ. ಆ ನೋಟನ್ನು ಪಕ್ಕಕ್ಕೆ ಎಳೆದು ನೋಡಿ, ಅಡಿಯಿಂದ ಇನ್ನೊಂದು ಕಾಣುತ್ತದೆ. ಕ್ಯೂಬೇಸ್‌ನ ಮಿಡಿ ಮೆನುವಿನಲ್ಲಿ ಫಂಕ್ಷನ್ಸ್ ಒಳಗೆ ಡಿಲೀಟ್ ಡಬಲ್ಸ್ ಇದೆ. ಬಿಡಿ ನೋಟ್‌ಗಳ ಕೆಲಸಕ್ಕೆ ಕೂರುವ ಮೊದಲೇ ಅದನ್ನು ಓಡಿಸಿಬಿಡಬೇಕು, ಅನಂತರ ಓಡಿಸಿದರೆ ತಿದ್ದಿದ ನೋಟ್ ಹೋಗಿ ತಿದ್ದದ್ದು ಉಳಿದೀತು.

ಸೊನ್ನೆಗೆ ಹೋಗದಿರುವುದು ದೋಷವಲ್ಲ. ಮಿಡಿಯಲ್ಲಿ ನೋಟ್-ಆನ್ ಸಂದೇಶ ಸೊನ್ನೆ ವೆಲಾಸಿಟಿಯೊಂದಿಗೆ ಬಂದರೆ ಅದರ ಅರ್ಥ ನೋಟ್-ಆಫ್. 1983ರಲ್ಲಿ ಮಿಡಿ ಬಂದಾಗಿನಿಂದಲೂ ಹೀಗೆಯೇ. ಬೆಲೆಗೆ ಮೀಸಲು 7 ಬಿಟ್, ಆದ್ದರಿಂದ 0ರಿಂದ 127. ಅದರಲ್ಲಿ ಸೊನ್ನೆ ಹೀಗೆ ಬೇರೆ ಕೆಲಸಕ್ಕೆ ಹೋಗಿದೆ. ನೋಟನ್ನು ಸುಮ್ಮನಾಗಿಸಬೇಕಿದ್ದರೆ ಮ್ಯೂಟ್ ಟೂಲ್ ಬಳಸಿ. 2020ರ ಮಿಡಿ 2.0ರಲ್ಲಿ ವೆಲಾಸಿಟಿಗೆ 16 ಬಿಟ್ ಕೊಟ್ಟಿದ್ದಾರೆ. ಪದರಗಳು ನಾಲ್ಕೇ ಇರುವ ಲೈಬ್ರರಿಗೆ ಅದರಿಂದ ಏನು ಸಿಕ್ಕೀತು ಎಂಬುದು ಬೇರೆ ಮಾತು.

ಈಗ ಹೈ-ಹ್ಯಾಟ್. ರ‍್ಯಾಂಡಮ್ ಕೊಟ್ಟರೆ ಮನುಷ್ಯ ನುಡಿಸಿದಂತಾಗುತ್ತದೆ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ, ಅರ್ಧ ತಪ್ಪು. ಡ್ರಮ್ ನುಡಿಸುವವರ ಕೈಯ ಏರಿಳಿತಕ್ಕೆ ಒಂದು ಕ್ರಮವಿದೆ, ತಾಳದ ಪೆಟ್ಟು ಗಟ್ಟಿ, ನಡುವಿನವು ಮೆದು. ಹದಿನಾರನೆಯ ನೋಟ್‌ಗಳಲ್ಲಿ ಒಂದು ಬೀಟ್‌ನ ನಾಲ್ಕು ಪೆಟ್ಟಿಗೆ 98, 58, 80, 52 ಎಂದಿಟ್ಟು ನೋಡಿ. ರ‍್ಯಾಂಡಮ್ ಇಲ್ಲದೆಯೂ ಅದು ನಡೆಯತೊಡಗುತ್ತದೆ. ಎರಡು ಮತ್ತು ನಾಲ್ಕನೇ ಬೀಟ್‌ನಲ್ಲಿ ಸ್ನೇರ್ ಜೊತೆಗೇ ಬೀಳುವ ಹ್ಯಾಟನ್ನು 98ರಿಂದ 86ಕ್ಕೆ ಇಳಿಸಿದರೆ ಸ್ನೇರ್‌ಗೆ ಜಾಗ ಸಿಗುತ್ತದೆ.

ಈ ಆಕಾರ ಕೂತ ಮೇಲೆ ಬೇಕಿದ್ದರೆ ±4 ರ‍್ಯಾಂಡಮ್. ±15 ಕೊಟ್ಟರೆ ಏನಾಗುತ್ತದೆ ಲೆಕ್ಕ ಹಾಕಿ: 58 ಇದ್ದದ್ದು 73 ಆಗಬಹುದು, 80 ಇದ್ದದ್ದು 65 ಆಗಬಹುದು. ಮೆದುವಾಗಬೇಕಿದ್ದ ಪೆಟ್ಟು ಗಟ್ಟಿ ಪೆಟ್ಟನ್ನು ಮೀರಿತು, ಒತ್ತು ತಲೆಕೆಳಗಾಯಿತು. ನೀವು ಕೇಳುತ್ತಿರುವ ತೂಕಡಿಕೆ ಅದೇ. ಒಂದು ಬಾರ್ ಸಿದ್ಧಮಾಡಿ, ಅದನ್ನು ಬೇಕಾದಷ್ಟು ಸಲ ಮುಂದಕ್ಕೆ ನಕಲಿಸಿ, ರ‍್ಯಾಂಡಮನ್ನು ಎಲ್ಲಕ್ಕಿಂತ ಕೊನೆಗೆ ಕೊಡಿ. ಮೊದಲೇ ಕೊಟ್ಟು ನಕಲಿಸಿದರೆ ಒಂದೇ ಏರುಪೇರು ಪ್ರತಿ ಬಾರ್‌ನಲ್ಲೂ ಮರುಕಳಿಸುತ್ತದೆ. ಕಿವಿ ಎರಡನೇ ಸುತ್ತಿಗೇ ಅದನ್ನು ಹಿಡಿಯುತ್ತದೆ.

ಮೂಕಗಂಟೆ:

ಲೈವ್ ಬಳಸುವವರಿಗೆ ಒಂದು ಎಚ್ಚರಿಕೆ. 2021ರ ಲೈವ್ 11ರಿಂದ ಒಂದೊಂದು ನೋಟಿಗೂ ವೆಲಾಸಿಟಿಯ ವ್ಯಾಪ್ತಿ ಕೊಡಬಹುದು, ಪ್ರತಿ ಸಲ ನುಡಿದಾಗಲೂ ಆ ವ್ಯಾಪ್ತಿಯೊಳಗೆ ಹೊಸ ಬೆಲೆ ಬರುತ್ತದೆ. ಹ್ಯಾಟ್‌ಗೆ ಬಹಳ ಚೆನ್ನ. ಆದರೆ ಎಕ್ಸ್‌ಪೋರ್ಟ್ ಮಾಡಿದಷ್ಟು ಸಲವೂ ಫಲಿತಾಂಶ ಬೇರೆಯಾಗುತ್ತದೆ. ನಿನ್ನೆ ಒಪ್ಪಿದ್ದೇ ಇಂದೂ ಬರಬೇಕಿದ್ದರೆ ಆ ಟ್ರ್ಯಾಕನ್ನು ಆಡಿಯೋ ಮಾಡಿ ಇಟ್ಟುಕೊಳ್ಳಿ.

ಪದರಪದರ:

ಹಲವು ನೋಟ್‌ಗಳನ್ನು ಒಟ್ಟಿಗೆ ಬದಲಿಸುವ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಕೂಡಿಸಿ ಕಳೆಯುವುದು ಬೇರೆ, ಗುಣಿಸುವುದು ಬೇರೆ. 110, 90, 40 ಇರುವ ಮೂರು ನೋಟ್‌ಗಳಿಂದ 20 ಕಳೆದರೆ 90, 70, 20. ಅವನ್ನೇ ಶೇ. 80ಕ್ಕೆ ಇಳಿಸಿದರೆ 88, 72, 32. ಮೊದಲನೆಯದರಲ್ಲಿ ಮೆದುವಾದ ನೋಟ್ ಮಾಯವೇ ಆಗುತ್ತದೆ, ಎರಡನೆಯದರಲ್ಲಿ ಉಳಿದುಕೊಳ್ಳುತ್ತದೆ. ಡ್ರಮ್‌ನಲ್ಲಿ 25–40ರಲ್ಲಿ ಕೂರುವ ಘೋಸ್ಟ್ ನೋಟ್‌ಗಳು (ಕೇಳಿಯೂ ಕೇಳದಂಥ ಮೆದು ಪೆಟ್ಟುಗಳು) ಕಳೆಯುವುದರಿಂದಲೇ ಸಾಯುವುದು.

ಏರಿಸುವಾಗ ಅಪಾಯ ಇನ್ನೊಂದು ತುದಿಯಲ್ಲಿ. 110, 100, 90ಕ್ಕೆ 30 ಕೂಡಿಸಿದರೆ 127, 127, 120. ಆಮೇಲೆ 30 ಕಳೆದರೆ ಹಳೆಯದು ಮರಳುವುದಿಲ್ಲ, 97, 97, 90 ಬರುತ್ತದೆ. ಮೊದಲೆರಡರ ನಡುವಿದ್ದ ವ್ಯತ್ಯಾಸ ಹೋಯಿತು. ಮೇಲೆ ತಾಗಿದ್ದು ಕಂಡ ಕೂಡಲೇ ಅನ್‌ಡೂ ಮಾಡಿ, ಕೈಯಿಂದ ಇಳಿಸಲು ಹೋಗಬೇಡಿ.

ಏರಿಳಿತ ಅತಿಯಾಗಿದೆ, ಸ್ವಲ್ಪ ಹತ್ತಿರ ತರಬೇಕು ಅನ್ನಿಸಿದರೆ ನಡುವಿನ ಒಂದು ಬೆಲೆ ಹಿಡಿದು ಅದರಿಂದ ಇರುವ ದೂರವನ್ನು ಅರ್ಧ ಮಾಡಬೇಕು. ನಡು 80 ಎಂದಿಟ್ಟುಕೊಂಡರೆ 120 ಇದ್ದದ್ದು 100ಕ್ಕೆ, 40 ಇದ್ದದ್ದು 60ಕ್ಕೆ ಬರುತ್ತದೆ. ಎಫ್‌ಎಲ್‌ನಲ್ಲಿ ಆಲ್ಟ್ ಮತ್ತು ಎಕ್ಸ್ ಒತ್ತಿದರೆ ತೆರೆಯುವ ಸ್ಕೇಲ್ ಲೆವೆಲ್ಸ್, ಕ್ಯೂಬೇಸ್‌ನ ವೆಲಾಸಿಟಿ ಫಂಕ್ಷನ್, ಇಂಥ ಕೆಲಸಕ್ಕೇ ಇರುವುದು. ನೆನಪಿಡಬೇಕಾದ್ದು ಒಂದೇ: ಹತ್ತಿರ ತಂದಾಗ ಕೆಲವು ನೋಟ್‌ಗಳು ಪದರದ ಗಡಿ ದಾಟುತ್ತವೆ, ಬರೆದಿಟ್ಟ ಸಂಖ್ಯೆಗಳನ್ನು ಮತ್ತೆ ನೋಡಿ.

ಬಿಳಿಕಪ್ಪುಕೀಲಿ:

ಎರಡು ನೋಟ್ ಇದ್ದದ್ದು ನಿಜ, ಐದನೇ ಬಾರ್ ಒಂದರಲ್ಲೇ ಮೂರು ಜೋಡಿ ಸಿಕ್ಕವು. 98, 58, 80, 52 ಕೂಡ ಕೂತಿತು. ಕೊನೆಯದಾಗಿ ಒಂದು: ಇದೇ ಕಾರ್ಡ್‌ಗಳನ್ನು ಸ್ಟ್ರಿಂಗ್ಸ್‌ಗೂ (ಪಿಟೀಲಿನಂಥ ತಂತಿವಾದ್ಯಗಳ ದನಿ) ನಕಲಿಸಿದ್ದೇನೆ. ನಾಲ್ಕು ಬೀಟ್ ಹಿಡಿದ ನೋಟ್ ನಡುವೆ ಉಬ್ಬಿ ಇಳಿಯಬೇಕು. ಅದಕ್ಕೂ ವೆಲಾಸಿಟಿಯೇ?

ಪದರಪದರ:

ಅಲ್ಲ. ವೆಲಾಸಿಟಿ ನೋಟ್ ಶುರುವಾಗುವ ಕ್ಷಣದಲ್ಲಿ ಒಮ್ಮೆ ಮಾತ್ರ ಹೋಗುತ್ತದೆ, ನಡುವೆ ಅದನ್ನು ಬದಲಿಸಲು ಬರುವುದಿಲ್ಲ. ಹಿಡಿದ ನೋಟ್ ಉಬ್ಬಲು ಕಂಟ್ರೋಲರ್ 11 ಅಂದರೆ ಎಕ್ಸ್‌ಪ್ರೆಷನ್ ಬೇಕು, ಹಲವು ಸ್ಟ್ರಿಂಗ್ಸ್ ಲೈಬ್ರರಿಗಳಲ್ಲಿ ಕಂಟ್ರೋಲರ್ 1, ಮಾಡ್ ವೀಲ್. ಸಾಮಾನ್ಯವಾಗಿ 11 ಶಬ್ದವನ್ನಷ್ಟೇ ಏರಿಸುತ್ತದೆ, 1 ಪದರಗಳನ್ನೂ ಬೆರೆಸುತ್ತ ಹೋಗುತ್ತದೆ. ಎರಡನ್ನೂ ಕೇಳಿ ಆರಿಸಿಕೊಳ್ಳಿ. ಇವು ಇಡೀ ಚಾನೆಲ್‌ಗೆ ಅನ್ವಯಿಸುತ್ತವೆ, ಕಾರ್ಡ್‌ನ ಒಂದೇ ನೋಟಿಗಲ್ಲ. ಮೇಲಿನ ನೋಟ್ ಮಾತ್ರ ಉಬ್ಬಬೇಕಿದ್ದರೆ ಅದನ್ನು ಬೇರೆ ಟ್ರ್ಯಾಕ್‌ಗೆ ಎತ್ತಿಡಿ.

ಪಿಯಾನೋದಿಂದ ನಕಲಿಸಿದ ವೆಲಾಸಿಟಿಗಳನ್ನು ಹಾಗೇ ಬಿಡಬೇಡಿ. ಇಂಥ ಲೈಬ್ರರಿಗಳಲ್ಲಿ ಕೆಲವು ವೆಲಾಸಿಟಿಯನ್ನು ಶಬ್ದಕ್ಕೆ ಬಳಸದೆ ನೋಟ್ ಎಷ್ಟು ಬಿರುಸಾಗಿ ಹತ್ತಬೇಕು, ಲೆಗಾಟೋದಲ್ಲಿ (ನೋಟ್‌ಗಳನ್ನು ಕಡಿಯದೆ ಜೋಡಿಸಿ ನುಡಿಸುವುದು) ಎಷ್ಟು ಬೇಗ ಜಾರಬೇಕು ಎಂಬುದಕ್ಕೆ ಬಳಸುತ್ತವೆ. ಅಲ್ಲಿ 58 ಇರುವ ನಡುವಿನ ನೋಟ್‌ಗಳು 88ರ ಮೇಲಿನ ನೋಟ್‌ಗಿಂತ ತಡವಾಗಿ ಹತ್ತುತ್ತವೆ, ಕಾರ್ಡ್ ಚದುರಿದಂತೆ ಕೇಳುತ್ತದೆ. ಸ್ಟ್ರಿಂಗ್ಸ್ ಟ್ರ್ಯಾಕ್‌ನಲ್ಲಿ ಎಲ್ಲವನ್ನೂ ಆಯ್ದು, ಇನ್ಫೋ ಲೈನ್‌ನಲ್ಲಿ ಕಂಟ್ರೋಲ್ ಹಿಡಿದು ಒಂದೇ ಬೆಲೆಗೆ, 64 ಎಂದಿಟ್ಟುಕೊಳ್ಳಿ, ತಂದುಬಿಡಿ.